ಎರಡು ವರ್ಷದ ಓದು ಕಡಿಮೆಯದಲ್ಲ, ಅಕ್ಕಾ

ಅಕ್ಕಾ, ಸ್ವಲ್ಪ ಈ ಕಡೆ ಬನ್ನಿ, ಬೇಲಿ ಹತ್ತಿರ. ಮಗ ಕಮ್ಯುನಿಟಿ ಕಾಲೇಜಿಗೆ ಸೇರಿ ಪ್ರೊಸೆಸ್ ಟೆಕ್ನಾಲಜಿ ಓದ್ತಾನಂತಲ್ಲ, ಒಳ್ಳೇದಾಯ್ತು. ಅದಕ್ಯಾಕೆ ನೀವು ಮುಖ ಸಣ್ಣದು ಮಾಡಿಕೊಂಡಿದ್ದೀರಿ? "ಇಂಜಿನಿಯರಿಂಗ್ ಅಲ್ವಲ್ಲ" ಅಂತೀರಿ. ಅಲ್ಲ ನಿಜ. ಆದರೆ ಅದರಷ್ಟೇ ಜವಾಬ್ದಾರಿಯ ವಿದ್ಯೆ ಅದು.

ಈ ಹ್ಯೂಸ್ಟನ್ ಹಡಗು ಕಾಲುವೆಯ ಉದ್ದಕ್ಕೂ ಇರೋ ರಿಫೈನರಿ, ಕೆಮಿಕಲ್ ಪ್ಲಾಂಟುಗಳನ್ನ ಹಗಲೂ ರಾತ್ರಿ ನಡೆಸೋರು ಯಾರು? ಆಪರೇಟರುಗಳು. ನಡುರಾತ್ರಿ ಎಲ್ಲೋ ಒತ್ತಡ ಏರಿದರೆ ಮೊದಲು ನೋಡಬೇಕಾದವರು ಅವರೇ, ವಾಲ್ವ್ ತಿರುಗಿಸಬೇಕಾದವರೂ ಅವರೇ. ಅಂಥವರನ್ನ ತಯಾರು ಮಾಡೋಕೆ ಪ್ಯಾಸಡೀನದ ಸ್ಯಾನ್ ಜಸಿಂಟೊ, ಬೇಟೌನಿನ ಲೀ, ಟೆಕ್ಸಸ್ ಸಿಟಿಯ ಕಾಲೇಜ್ ಆಫ್ ದ ಮೇನ್‌ಲ್ಯಾಂಡ್, ಇವೆಲ್ಲ ಎರಡು ವರ್ಷದ ಡಿಗ್ರಿ ಇಟ್ಟಿವೆ. ಪಂಪು, ಕಂಪ್ರೆಸರು, ಹೀಟ್ ಎಕ್ಸ್‌ಚೇಂಜರು, ಡಿಸ್ಟಿಲೇಷನ್ ಟವರು, ಇನ್‌ಸ್ಟ್ರುಮೆಂಟೇಷನ್, ಸೇಫ್ಟಿ, ಕೊನೆಗೆ ಟ್ರಬಲ್‌ಶೂಟಿಂಗ್. ಎಲ್ಲವನ್ನೂ ಕಲಿಸ್ತಾರೆ.

ಈ ಓದಿನ ಬೆಲೆ ಗೊತ್ತಾಗಬೇಕಾದರೆ 2005ರ ಮಾರ್ಚ್ 23ರಂದು ಟೆಕ್ಸಸ್ ಸಿಟಿಯಲ್ಲಿ ನಡೆದದ್ದನ್ನ ಕೇಳಿ. ಬಿಪಿ ರಿಫೈನರಿಯಲ್ಲಿ ಒಂದು ಟವರನ್ನ ಮತ್ತೆ ಶುರು ಮಾಡ್ತಾ ಇದ್ದರು. ಎತ್ತರ 170 ಅಡಿ. ಮೂರು ಗಂಟೆ ಹೊತ್ತು ಒಳಗೆ ದ್ರವ ಬಿಟ್ಟರು, ಹೊರಗೆ ಹೋಗೋ ದಾರಿ ಮುಚ್ಚಿತ್ತು. ಒಳಗೆ 158 ಅಡಿ ತುಂಬಿದ್ದಾಗ ಮಾಪಕ ಹತ್ತು ಅಡಿಗೂ ಕಡಿಮೆ ತೋರಿಸ್ತಿತ್ತು. ಉಕ್ಕಿ ಬಂದ ದ್ರವದ ಆವಿಗೆ ಕಿಡಿ ತಗುಲಿ 15 ಜನ ಸತ್ತರು, 180 ಜನ ಗಾಯಗೊಂಡರು.

ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು? ಮನೆಯ ಜಮಾ-ಖರ್ಚಿನಷ್ಟೇ ಸರಳ ಲೆಕ್ಕ. ಮಾಪಕ ಸುಳ್ಳು ಹೇಳಿದರೂ ಈ ಲೆಕ್ಕ ಸುಳ್ಳು ಹೇಳೋದಿಲ್ಲ. ಹಾಗಂತ ಆವತ್ತು ಪಾಳಿಯಲ್ಲಿದ್ದವರನ್ನ ದೂರೋದು ಅನ್ಯಾಯ. ಎರಡೂ ಅಂಕಿಗಳನ್ನ ಒಟ್ಟಿಗೆ ತೋರಿಸೋ ಪರದೆಯನ್ನೇ ಅವರಿಗೆ ಕೊಟ್ಟಿರಲಿಲ್ಲ. ಕೆಲವರು ತಿಂಗಳ ಹತ್ತಿರ ರಜೆಯಿಲ್ಲದೆ ದಿನಕ್ಕೆ ಹನ್ನೆರಡು ಗಂಟೆ ದುಡಿದಿದ್ದರು. ತರಬೇತಿ ಸಾಲದು ಅಂತಾನೂ ತನಿಖೆ ಮಾಡಿದವರು ಬರೆದರು. ಮಾಪಕವನ್ನ ಅನುಮಾನಿಸೋ ಬುದ್ಧಿ, "ನಿಲ್ಲಿಸಿ" ಅನ್ನೋ ಧೈರ್ಯ, ಎರಡೂ ಹುಟ್ಟಿನಿಂದ ಬರೋದಿಲ್ಲ ಅಕ್ಕಾ, ಕಲಿಸಬೇಕು. ಕಲಿತವರ ಮಾತಿಗೆ ಕಂಪನಿಯೂ ಬೆಲೆ ಕೊಡಬೇಕು.

ನಿಮ್ಮ ಮಂಗಳೂರಲ್ಲೂ ಎಂಆರ್‌ಪಿಎಲ್ ರಿಫೈನರಿ ಇದೆ, ಕೆಪಿಟಿ ಪಾಲಿಟೆಕ್ನಿಕ್ಕಿನಲ್ಲಿ ಕೆಮಿಕಲ್ ಡಿಪ್ಲೊಮಾ ಇದೆ. ಡಿಪ್ಲೊಮಾದವರು ಅಂದ ಕೂಡಲೇ ಒಂದು ಮೆಟ್ಟಿಲು ಕೆಳಗಿಡೋ ಚಾಳಿ ನಮ್ಮವರದ್ದು. ಅದನ್ನ ಬಿಡಬೇಕು. ಪ್ಲಾಂಟಿನ ಪಕ್ಕದ ಊರು ನೆಮ್ಮದಿಯಾಗಿ ಮಲಗೋದು ಇವರ ಎಚ್ಚರದಿಂದ.

ಕಷ್ಟವನ್ನೂ ಹೇಳಿಬಿಡ್ತೀನಿ. ರಾತ್ರಿ ಪಾಳಿ ಇರುತ್ತೆ, ಹಬ್ಬದ ದಿನವೂ ಕೆಲಸ ಇರುತ್ತೆ. ಎಣ್ಣೆ ಬೆಲೆ ಬಿದ್ದರೆ ನೇಮಕಾತಿ ನಿಲ್ಲಬಹುದು. ಮುಂದೆ ಇಂಜಿನಿಯರಿಂಗ್ ಓದ್ತೀನಿ ಅಂದರೆ ಇಲ್ಲಿನ ಕ್ರೆಡಿಟ್ಟುಗಳೆಲ್ಲವೂ ಅಲ್ಲಿ ನಡೆಯುತ್ತೆ ಅಂತಿಲ್ಲ. ಆದ್ದರಿಂದ ಸೇರೋ ಮೊದಲು ತಾಯಿ ಮಗ ಇಬ್ಬರೂ ಹೋಗಿ ಲ್ಯಾಬ್ ನೋಡಿ, ಯಾವ ಕ್ರೆಡಿಟ್ ಎಲ್ಲಿ ಸಲ್ಲುತ್ತೆ ಅಂತ ಬರವಣಿಗೆಯಲ್ಲೇ ಕೇಳಿಕೊಳ್ಳಿ. ಆಮೇಲೆ ಅವನನ್ನ ಮನಸ್ಸಾರೆ ಹರಸಿ ಕಳಿಸಿ.