ಎತ್ತದ ಕೈ

ಬೋರ್ಡ್ ಒರೆಸುವುದರಲ್ಲಿ ನನ್ನದು ಎತ್ತಿದ ಕೈ ಎಂದು 26 ವರ್ಷ ನಂಬಿಕೊಂಡಿದ್ದೆ. ಈ ಮೂಲೆಯಿಂದ ಆ ಮೂಲೆಗೆ ಡಸ್ಟರ್ ಎಳೆದರೆ ಹಿಂದಿನ ಪಿರಿಯಡ್ಡಿನ ಸಮಾಜ ವಿಜ್ಞಾನ ಹೇಳಹೆಸರಿಲ್ಲದೆ ಹೋಗಬೇಕು. ಆದರೆ ಮೈಯಿಂದ 34 ಕೆಜಿ ಇಳಿದ ಮೇಲೆ ಹೊಸದೊಂದು ತಮಾಷೆ ಶುರುವಾಯಿತು. ನಾನು ಒರೆಸುವುದನ್ನು ನಿಲ್ಲಿಸಿದರೂ ನನ್ನ ತೋಳು ಇನ್ನೆರಡು ಸಲ ಒರೆಸಿಯೇ ನಿಲ್ಲುತ್ತಿತ್ತು. ಹಿಂದಿನ ಬೆಂಚಿನಿಂದ ಕಿಸಕ್ಕೆಂಬ ಸದ್ದು. 'ರೆಕ್ಕೆ ಮಿಸ್' ಎಂಬ ಬಿರುದು ನನಗೆ ಬಂದಿರುವುದು ಆಮೇಲೆ ಗೊತ್ತಾಯಿತು. ಹೆಸರಿಟ್ಟವನು ಗಣಿತದಲ್ಲಿ ಸೊನ್ನೆಯಾದರೂ ರೂಪಕಾಲಂಕಾರದಲ್ಲಿ ಗಟ್ಟಿಗ.

ಕುಕ್ಕರಹಳ್ಳಿ ಕೆರೆಯ ಏರಿಯನ್ನು ಎರಡೂವರೆ ವರ್ಷ ಸುತ್ತಿ, ಮೈಲಾರಿ ದೋಸೆ ಕಂಡರೆ ಮುಖ ತಿರುಗಿಸಿಕೊಂಡು 98ರಿಂದ 64ಕ್ಕೆ ಇಳಿದವಳು ನಾನು. ಕೊಬ್ಬು ಹೋಯಿತು, ಅದನ್ನು ತುಂಬಿಟ್ಟುಕೊಂಡಿದ್ದ ಚೀಲ ಮಾತ್ರ ಹೋಗಲಿಲ್ಲ. ಅಷ್ಟು ವರ್ಷ ಹಿಗ್ಗಿದ ಚರ್ಮ ಡಂಬಲ್ಸ್ ಎತ್ತಿದರೆ ಕುಗ್ಗುವುದಿಲ್ಲ, ಕತ್ತರಿಸಿ ಹೊಲಿಯಬೇಕು ಎಂದರು ಬೆಂಗಳೂರಿನ ಡಾಕ್ಟರು. ಅದಕ್ಕೂ ಮೊದಲು ತೂಕ ಆರು ತಿಂಗಳಾದರೂ ಅಲ್ಲಾಡದೆ ನಿಲ್ಲಬೇಕಂತೆ. ಕಂಕುಳಿನಿಂದ ಮೊಣಕೈವರೆಗೆ ಒಳಮಗ್ಗುಲಲ್ಲಿ ಪೆನ್ನಿನಿಂದ ಗೆರೆ ಎಳೆದು ತೋರಿಸಿದಾಗ ನನಗೆ ನಮ್ಮ ಟೈಲರ್ ನೆನಪಾದ. ಅವನೂ ಅಷ್ಟೇ, ಸೀಮೆಸುಣ್ಣದಲ್ಲಿ ಗೆರೆ ಎಳೆದು 'ಇಷ್ಟು ಹಿಡಿದುಬಿಡ್ತೀನಿ ಮೇಡಂ' ಅನ್ನುತ್ತಾನೆ. ಆದರೆ ಅವನು ಮುಂದಕ್ಕೆ ಬೇಕಾದೀತು ಅಂತ ಒಳಗೆ ಒಂದಿಂಚು ಬಟ್ಟೆ ಬಿಟ್ಟಿರುತ್ತಾನೆ. ಡಾಕ್ಟರು ಬಿಡುವುದಿಲ್ಲ.

ಇದಕ್ಕೆ ಬ್ರೇಕಿಯೋಪ್ಲಾಸ್ಟಿ ಎಂದು ಹೆಸರು. ಹೊಸ ಶೋಕಿಯೇನಲ್ಲ, 1954ರಲ್ಲೇ ಅರ್ಜೆಂಟೀನಾದ ಇಬ್ಬರು ವೈದ್ಯರು ಇದರ ಬಗ್ಗೆ ಬರೆದಿದ್ದಾರೆ. ನಮ್ಮಮ್ಮ ಹುಟ್ಟಿದ್ದೂ ಅದೇ ವರ್ಷ. ಇದನ್ನು ಹೇಳಿ ಒಲಿಸಿಕೊಳ್ಳಲು ಹೋದರೆ ಅಮ್ಮ, "ನಿನ್ನ ಮಕ್ಕಳು ಆ ತೋಳು ಹಿಡ್ಕೊಂಡೇ ನಿದ್ದೆ ಮಾಡಿದ್ದು ಕಣೇ. ನಾಳೆ ಮೊಮ್ಮಕ್ಕಳು ಏನು ಹಿಡ್ಕೋಬೇಕು?" ಎಂದಳು. ಇದಕ್ಕೆ ಅರ್ಜೆಂಟೀನಾದವರಲ್ಲೂ ಉತ್ತರ ಇರಲಾರದು. ವಿಮೆಯವರ ಉತ್ತರ ಮಾತ್ರ ಸಿದ್ಧವಾಗಿತ್ತು: ಸೌಂದರ್ಯಕ್ಕೆ ದುಡ್ಡಿಲ್ಲ. ಚೀಟಿ ಎತ್ತಿದೆ. ಆಮೇಲೆ ಕೆಲವು ವಾರ ನಾನು ಎತ್ತಿದ್ದು ಅದೊಂದೇ.

ಆಪರೇಷನ್ನಿನ ಬಗ್ಗೆ ಹೇಳುವುದೇನಿಲ್ಲ, ನಾನು ಮಲಗಿದ್ದೆ. ಎಚ್ಚರವಾದಾಗ ಎರಡೂ ತೋಳಿಗೆ ಪಟ್ಟಿ, ಎರಡರಿಂದಲೂ ಒಂದೊಂದು ನಳಿಕೆ, ನಳಿಕೆಯ ತುದಿಯಲ್ಲಿ ಕೆಂಪು ನೀರು ತುಂಬುವ ಪುಟ್ಟ ಬುಡ್ಡಿ. ಕೈಗಳನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ಅಂಗಾತ ಮಲಗಬೇಕು, ಇಲ್ಲದಿದ್ದರೆ ಬಾವು ಬೆರಳಿಗಿಳಿಯುತ್ತದೆ. ಅಷ್ಟು ಮಾಡಿದರೂ ಇಳಿಯಿತು. ಬಳೆ ಏರುವಂತಿಲ್ಲ. ಬರಿಗೈಯಲ್ಲಿ ಮಲಗಿದ ಮಗಳನ್ನು ನೋಡಲಾರದೆ ಅಮ್ಮ ಮಣಿಕಟ್ಟಿಗೆ ಅರಿಸಿನದ ದಾರ ಕಟ್ಟಿದಳು. ನರ್ಸು ಅದನ್ನು ಬಿಚ್ಚಿದಳು. ಅಮ್ಮ ಮತ್ತೆ ಕಟ್ಟಿದಳು. ನಾಲ್ಕನೆಯ ದಿನ ನಳಿಕೆ ತೆಗೆದು ಮನೆಗೆ ಕಳಿಸಿದಾಗ ಸ್ಕೋರು ಸರಿಸಮವಾಗಿತ್ತು.

ಮನೆಗೆ ಬಂದ ಮೇಲೆ ಗೊತ್ತಾಗಿದ್ದು, ನಮ್ಮ ಸಂಸಾರವೆಲ್ಲ ಭುಜಕ್ಕಿಂತ ಮೇಲೇ ಇದೆ ಎಂದು. ಸಕ್ಕರೆ ಡಬ್ಬಿ ಮೇಲಿನ ಗೂಡಿನಲ್ಲಿ. ಫ್ಯಾನಿನ ಸ್ವಿಚ್ಚು ಮೇಲೆ. ಬಟ್ಟೆ ಒಣಗಿಸುವ ತಂತಿ ಮೇಲೆ. ದೇವರಂತೂ ಬಿಡಿ, ಅವನಿಗೆ ಹೂ ಮುಡಿಸಬೇಕಾದರೆ ಯಾವತ್ತೂ ತುದಿಗಾಲಿನಲ್ಲೇ ನಿಲ್ಲಬೇಕು. ಮೊಣಕೈಯಿಂದ ಕೆಳಗೆ ನಾನು ಸ್ವತಂತ್ರಳು, ಊಟ ಮಾಡಬಲ್ಲೆ, ಪೇಪರ್ ತಿರುವಬಲ್ಲೆ, ಫೋನಿನಲ್ಲಿ ಸುಳ್ಳು ಹೇಳಬಲ್ಲೆ. ಮೊಣಕೈ ಪಕ್ಕೆ ಬಿಟ್ಟು ಮೇಲೇಳುವ ಯಾವ ಕೆಲಸಕ್ಕೂ ಯಜಮಾನರನ್ನು ಕೂಗಬೇಕು. ವಿದ್ಯುತ್ ಇಲಾಖೆಯಲ್ಲಿ ಲೈನು ಎಳೆಸಿ ರಿಟೈರಾದ ಮನುಷ್ಯ, ಮೊದಲ ದಿನ ನನ್ನ ಕೂದಲನ್ನು ಮೂರು ಫೇಸ್ ಮಾಡಿ ಹೆಣೆದರು. ಜಡೆ ಕಂಬದಿಂದ ಕಂಬಕ್ಕೆ ಎಳೆದ ಹಾಗೆ ನೆಟ್ಟಗೆ, ಬಿಗಿಯಾಗಿ ನಿಂತಿತು. ಹುಬ್ಬೆರಡೂ ಮೇಲಕ್ಕೆ ಹೋಗಿ ನಾನು ಒಂದು ವಾರ ಸದಾ ಆಶ್ಚರ್ಯಪಟ್ಟವಳಂತೆ ಕಾಣುತ್ತಿದ್ದೆ. ತೋಳು ಸರಿಯಾಗಲಿ ಎಂದು ಹೋದವಳಿಗೆ ಮುಖವೂ ಬಿಗಿಯಾದದ್ದು ಲಾಭವೇ.

ನೋವು ಮೊದಲ ವಾರಕ್ಕೆ ಮುಗಿಯಿತು. ಮುಗಿಯದ್ದು ಕಂಪ್ರೆಷನ್ ಸ್ಲೀವ್. ಆರು ವಾರ ಹಗಲೂ ರಾತ್ರಿ ಹಾಕಿರಬೇಕಾದ ಆ ಬಿಗಿ ತೋಳುಚೀಲದ ಪೆಟ್ಟಿಗೆಯ ಮೇಲೆ 'ಚರ್ಮದ ಬಣ್ಣ' ಎಂದು ಇತ್ತು. ಯಾವ ದೇಶದವರ ಚರ್ಮವೋ. ಅದರೊಳಗೆ ಬೇಸಿಗೆಯ ಬೆವರು, ಕಡಿತ, ಜೊತೆಗೆ ಮೊಣಕೈ ಕೆಳಗೆ ಒಂದು ಅಂಗೈ ಅಗಲದ ಜಾಗ ಜೋಮು ಹಿಡಿದು ಇರುವೆ ಹರಿದ ಹಾಗೆ. ನರಕ್ಕೆ ಗಾಸಿಯಾದರೆ ಹೀಗಾಗುತ್ತದೆ, ತಿಂಗಳುಗಟ್ಟಲೆ ಹಿಡಿಯಬಹುದು ಎಂದರು ಡಾಕ್ಟರು. ಕಡಿತ ಇರುವುದು ಒಂದು ಕಡೆ, ಕೆರೆದರೆ ಗೊತ್ತಾಗದಿರುವುದು ಅದೇ ಕಡೆ. ಈ ಶಿಕ್ಷೆ ಯಾವ ಪುರಾಣದ ನರಕದಲ್ಲೂ ಇದ್ದಂತಿಲ್ಲ.

ಇನ್ನು ಕೆಲಸಕ್ಕೆ ಮರಳುವ ವಿಚಾರ. "ಕೂತು ಮಾಡೋ ಕೆಲಸ ಆದ್ರೆ ಎರಡು ವಾರ ಸಾಕು" ಎಂದಿದ್ದರು ಡಾಕ್ಟರು. ನಾನು ಟೀಚರ್ ಎಂದೆ. ಅವರು ಸ್ವಲ್ಪ ಯೋಚಿಸಿ, "ನಿಮ್ಮ ಬೋರ್ಡ್ ಎಷ್ಟು ಎತ್ತರ?" ಎಂದು ಕೇಳಿದರು. ನನ್ನ ವೃತ್ತಿಜೀವನದಲ್ಲಿ ಯಾವ ಇನ್‌ಸ್ಪೆಕ್ಟರೂ ಕೇಳದ ಪ್ರಶ್ನೆ. ಶಾಲೆಯಲ್ಲಿ ಪರಿವರ್ತಿತ ರಜೆಯ ಲೆಕ್ಕ: ಒಂದು ದಿನ ಮಲಗಿದರೆ ಅರ್ಧ ವೇತನ ರಜೆಯ ಖಾತೆಯಿಂದ ಎರಡು ದಿನ ಖರ್ಚು. ಗಣಿತದ ಮೇಷ್ಟರಿಗೆ ಇಂಥ ಗುಣಾಕಾರ ಸಹಿಸುವುದು ಕಷ್ಟ. 22ನೆಯ ದಿನಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಹೊರಟೆ.

ಗೇಟಿನಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಜವಾನ ಓಡಿಬಂದು ಬ್ಯಾಗು ಇಸಿದುಕೊಂಡ. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಕಿಟಕಿಯ ಪಕ್ಕಕ್ಕೆ ಬಂದಿತ್ತು, ಗಾಳಿಗೆ. ಹಿಂದಿ ಮೇಡಂ ನನ್ನ ಟಿಫಿನ್ ಡಬ್ಬಿ ತೆರೆದು ನೋಡಿ, "ತುಪ್ಪ ಹಾಕಿಲ್ಲ ತಾನೆ?" ಎಂದರು. ಹೆಡ್‌ಮಾಸ್ಟರು ದನಿ ತಗ್ಗಿಸಿ, "ಟೆನ್ಷನ್ ಮಾಡ್ಕೋಬೇಡಿ. 9ನೇ 'ಬಿ' ಸೆಕ್ಷನ್ ಬೇರೆಯವರಿಗೆ ಕೊಟ್ಟಿದ್ದೀನಿ" ಎಂದರು. 9ನೇ 'ಬಿ'! ನಾಲ್ಕು ವರ್ಷ ಗೋಗರೆದರೂ ಆಗದ ಕೆಲಸ. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತರಿಂದ ಗುಟ್ಟು ಹೊರಬಿತ್ತು. ನನ್ನ ವೈದ್ಯಕೀಯ ಪತ್ರದಲ್ಲಿ ಡಾಕ್ಟರು ಗೀಚಿದ್ದರಲ್ಲಿ ಅವರಿಗೆ ಓದಲು ಬಂದದ್ದು 'ಪ್ಲಾಸ್ಟಿ' ಒಂದೇ. ಪ್ಲಾಸ್ಟಿ ಅಂದಮೇಲೆ ಆಂಜಿಯೋಪ್ಲಾಸ್ಟಿಯೇ ತಾನೆ? ಅಲ್ಲಿಗೆ ನನಗೆ ಹಾರ್ಟ್ ಅಟ್ಯಾಕ್ ಆಗಿ ಮೂರು ವಾರವಾಗಿತ್ತು.

ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳುವುದಾದರೂ ಏನು? 50 ದಾಟಿದ ಹೆಂಗಸು ಚೀಟಿ ದುಡ್ಡಲ್ಲಿ ತೋಳು ಹೊಲಿಸಿಕೊಂಡು ಬಂದಳು ಎಂದೇ? ಹೃದಯಕ್ಕೆ ಸಿಗುವ ಮರ್ಯಾದೆ ತೋಳಿಗೆ ಸಿಗುವುದಿಲ್ಲ. ಬಾಯಿ ಮುಚ್ಚಿಕೊಂಡು ಹಿಂದಿ ಮೇಡಂ ಕೊಟ್ಟ ಮೋಸಂಬಿ ತಿಂದೆ.

ಪಾಠದಲ್ಲಿ ಮಾತ್ರ ಬಚ್ಚಿಡಲಾಗಲಿಲ್ಲ. ಭುಜ ಕೈಕೊಟ್ಟವಳ ಪಾಲಿಗೆ ಅವತ್ತು ಬಂದ ಅಧ್ಯಾಯ ತ್ರಿಭುಜ. ಕೈಯನ್ನು ಭುಜಕ್ಕಿಂತ ಮೇಲೆತ್ತದೆ ಬರೆದರೆ ಬೋರ್ಡಿನ ಕೆಳಗಿನ ಅರ್ಧವಷ್ಟೇ ನನ್ನದು. ಲಂಬ ಎಳೆಯಲು ಜಾಗವಿಲ್ಲದೆ ತ್ರಿಭುಜಗಳೆಲ್ಲ ರೋಡ್ ರೋಲರ್ ಹರಿದ ಹಾಗೆ ಚಪ್ಪಟೆಯಾದವು. ಕೊನೆಯ ಬೆಂಚಿನವರು ಎದ್ದು ನಿಂತು ಬರೆದುಕೊಂಡರು. ಮೇಲಿನ ಅರ್ಧಕ್ಕೆ ತರಗತಿಯ ಎತ್ತರದ ಹುಡುಗನನ್ನು ನೇಮಿಸಿದೆ. ನನಗೆ ಹೆಸರಿಟ್ಟವನು ಅವನೇ ಎಂಬ ಗುಮಾನಿ ನನಗಿದೆ. ಪಾಪ, ಆರನೆಯ ವಾರದವರೆಗೆ ಬೋರ್ಡ್ ಒರೆಸಿದ್ದು, ಉತ್ತರ ಪತ್ರಿಕೆಯ ಕಟ್ಟು ಹೊತ್ತದ್ದು ಎಲ್ಲ ಅವನೇ. 'ಮಿಸ್, ನೀವು ಸುಮ್ನೆ ಕೂತ್ಕೊಳಿ, ಹಾರ್ಟು' ಎನ್ನುತ್ತಿದ್ದ. ಯೂನಿಟ್ ಟೆಸ್ಟಿನಲ್ಲಿ ಮೊದಲ ಸಲ ಪಾಸೂ ಆದ.

ಆರು ವಾರ ಮುಗಿಸಿ ಹೊಸ ರವಿಕೆಗೆ ಅಳತೆ ಕೊಡಲು ಹೋದೆ. ತೋಳಿನ ಸುತ್ತಳತೆ 16 ಇಂಚಿನಿಂದ 12ಕ್ಕೆ ಇಳಿದದ್ದು ಕಂಡು ಟೈಲರ್ ತನ್ನ ಟೇಪನ್ನೇ ಅನುಮಾನದಿಂದ ನೋಡಿದ. "ಹಾಗಾದ್ರೆ ಚಿಕ್ಕ ತೋಳು ಇಡ್ಲಾ ಮೇಡಂ?" ಬೇಡಪ್ಪ, ಮೊಣಕೈವರೆಗೇ ಇಡು ಎಂದೆ. ಗಾಯದ ಗೆರೆ ಇನ್ನೂ ಹುಣಸೆಹಣ್ಣಿನ ಕೆಂಪಿನಲ್ಲಿದೆ, ಬಿಸಿಲು ತಾಕಿದರೆ ಕಪ್ಪಾಗುತ್ತದಂತೆ, ಮಾಸಲು ಒಂದು ವರ್ಷವೋ ಇನ್ನೂ ಹೆಚ್ಚೋ. ಮೊದಲು ಜೋಲು ಮುಚ್ಚಲು ಉದ್ದ ತೋಳು, ಈಗ ಹೊಲಿಗೆ ಮುಚ್ಚಲು ಉದ್ದ ತೋಳು. ಬಟ್ಟೆಯ ಲೆಕ್ಕದಲ್ಲಿ ಉಳಿದದ್ದು ಒಂದು ಗೇಣು.

ಮೊನ್ನೆ ಗುಮಾಸ್ತರು ಗಾಬರಿಯಿಂದ ನನ್ನ ಟೇಬಲ್ಲಿಗೆ ಬಂದರು. ಅವರ ಮಾವನವರಿಗೆ ಆಂಜಿಯೋಪ್ಲಾಸ್ಟಿಯಂತೆ, ನಿಜವಾದದ್ದು. ಅನುಭವಸ್ಥರನ್ನು ಕೇಳೋಣ ಅಂತ ಬಂದೆ ಎಂದರು. "ನಿಮಗೆ ಎಷ್ಟು ಸ್ಟೆಂಟ್ ಹಾಕಿದ್ರು ಮೇಡಂ?"

ಸೆರಗು ಸರಿಮಾಡಿಕೊಂಡು, "ಎರಡು" ಎಂದೆ.