ಸರಕಾರಿ ದೀಪ: ಬಳಕೆದಾರರ ಕೈಪಿಡಿ

(ಬಂಗಾರಪೇಟೆ ತಾಲ್ಲೂಕು ಕಾಮಸಮುದ್ರ ಹೋಬಳಿಗೆಂದು ಬರೆದದ್ದು. ಬೇರೆ ಹೋಬಳಿಯವರು ಊರಿನ ಹೆಸರು ತಿದ್ದಿಕೊಂಡು ಬಳಸಬಹುದು, ಉಳಿದದ್ದೇನೂ ತಿದ್ದಬೇಕಾಗಲಿಕ್ಕಿಲ್ಲ.)

ಪೆಟ್ಟಿಗೆ ಬಿಚ್ಚುವ ಮುನ್ನ

ಅಭಿನಂದನೆಗಳು. ನಿಮ್ಮ ಕಚೇರಿಗೋ ಶಾಲೆಗೋ ಸಮುದಾಯ ಭವನಕ್ಕೋ ಎಲ್‌ಇಡಿ ದೀಪಗಳು ಬಂದಿವೆ. ಬಂದ ಮಾಲನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸಿ, ಬೀರುವಿನೊಳಗಿಟ್ಟು ಬೀಗ ಹಾಕುವುದು ವಾಡಿಕೆ. ಅಲ್ಲಿಯವರೆಗಿನ ಕೆಲಸ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಕೈಪಿಡಿ ಶುರುವಾಗುವುದು ಬೀಗ ತೆಗೆದ ಮೇಲೆ.

ಬೀಗ ತೆಗೆಯುವಾಗ ಬೀರು ಎಲ್ಲಿ ನಿಂತಿದೆ ಎಂದು ಒಮ್ಮೆ ನೋಡಿ. ಕಿಟಕಿಗೆ ಅಡ್ಡ ನಿಂತಿರುತ್ತದೆ. ಮೊದಲು ಅದನ್ನು ಸರಿಸಿ. ಕೋಲಾರ ಜಿಲ್ಲೆಗೆ ನದಿ ನೀರು ಕಮ್ಮಿ, ಮಳೆ ಕಮ್ಮಿ, ಬಿಸಿಲು ಮಾತ್ರ ಯಾವತ್ತೂ ಕೈಕೊಟ್ಟಿಲ್ಲ. ಕುಳಿತು ಓದಿ ಬರೆಯುವ ಮೇಜಿನ ಮೇಲೆ ಸುಮಾರು 300 ಲಕ್ಸ್ ಬೆಳಕಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಹೊರಗಿನ ಬಯಲಲ್ಲಿ ಹಗಲು ಹೊತ್ತು ಹತ್ತಾರು ಸಾವಿರ ಲಕ್ಸ್ ಬಿದ್ದಿರುತ್ತದೆ. ಅದರಲ್ಲಿ ನೂರರಲ್ಲೊಂದು ಪಾಲು ಒಳಗೆ ಬಂದರೂ ಪಹಣಿ ಓದಬಹುದು. ಬೀರು ಸರಿಸಲು ಟೆಂಡರು ಬೇಡ, ತಾಂತ್ರಿಕ ಮಂಜೂರಾತಿ ಬೇಡ. ನಾಲ್ಕು ಜನ ಸಾಕು. ಯಾವ ಯೋಜನೆಯಲ್ಲೂ ಈ ಕೆಲಸ ಸೇರದಿರುವುದಕ್ಕೆ ಕಾರಣವೂ ಇದೇ ಇರಬೇಕು. ಹಾಗೆಯೇ ಗೋಡೆಯ ಎದೆಮಟ್ಟದವರೆಗೆ ಕೊಳೆ ಕಾಣದಿರಲೆಂದು ಬಳಿದಿರುವ ಆ ಕಡುಬಣ್ಣದ ಪಟ್ಟೆಯ ಮೇಲೆ ಸುಣ್ಣ ಹೊಡೆಸಿ. ಕೊಳೆ ಕಾಣುತ್ತದೆ. ಕಡತವೂ ಕಾಣುತ್ತದೆ.

ಸಾಧನದ ಪರಿಚಯ

ಹಳೆಯ 60 ವ್ಯಾಟಿನ ಬುರುಡೆ ದೀಪ ತಾನು ತಿಂದ ಕರೆಂಟಿನ ಬಹುಪಾಲನ್ನು ಬಿಸಿಯಾಗಿ ಕಾರುತ್ತಿತ್ತು. ಆಮೇಲೆ ಬಂದ 40 ವ್ಯಾಟಿನ ದಪ್ಪ ಟ್ಯೂಬ್‌ಲೈಟಿನದು ಬೇರೆ ಚಾಳಿ: ಅದರ ತಾಮ್ರದ ಚೋಕು ಬೆಳಕು ಕೊಡದೆಯೇ ಇನ್ನೂ ಹತ್ತು ಹದಿನೈದು ವ್ಯಾಟ್ ನುಂಗಿ ಕುಂಯ್ಯೆನ್ನುತ್ತಿತ್ತು. ನಡುವೆ ಸಿಎಫ್‌ಎಲ್ ಬಂದು ಹೋಯಿತು. 2015ರಲ್ಲಿ ಕೇಂದ್ರದ ಉಜಾಲಾ, ರಾಜ್ಯದ ‘ಹೊಸ ಬೆಳಕು’ ಯೋಜನೆಗಳಿಂದ ಎಲ್‌ಇಡಿ ಅಗ್ಗವಾಗಿ ಮನೆಮನೆಗೆ ಬಂತು. ಬುರುಡೆ ದೀಪ 60 ವ್ಯಾಟಿಗೆ ಕೊಡುತ್ತಿದ್ದ ಬೆಳಕನ್ನು ಇದು 9 ವ್ಯಾಟಿಗೆ ಕೊಡುತ್ತದೆ. ಲೆಕ್ಕ ಕೇಳಿದವರಿಗೆಲ್ಲ ಸಂತೋಷವಾಯಿತು.

ಈಗ ಇನ್ನೊಂದು ಲೆಕ್ಕ, ಪೆಟ್ಟಿಗೆಯ ಮೇಲೆ ಅಚ್ಚಾಗದ್ದು. ಹಳೆಯ 60 ವ್ಯಾಟಿನ ದೀಪವನ್ನು ಸಂಜೆ ಹಾಕಿ ಮೂರೂವರೆ ಗಂಟೆ ಉರಿಸಿ ಆರಿಸಿದರೆ ಖರ್ಚು 210 ವ್ಯಾಟ್-ಗಂಟೆ. 9 ವ್ಯಾಟಿನ ಎಲ್‌ಇಡಿಯನ್ನು ಹಾಕಿ ಮರೆತುಬಿಟ್ಟರೆ ಇಪ್ಪತ್ತನಾಲ್ಕು ಗಂಟೆಗೆ 216. ವಿಜ್ಞಾನಿಗಳು ಗಳಿಸಿಕೊಟ್ಟದ್ದನ್ನೆಲ್ಲ ಮರೆವು ಒಂದೇ ದಿನದಲ್ಲಿ ಖರ್ಚು ಮಾಡಿ ಮೇಲೆ 6 ಸಾಲ ಮಾಡುತ್ತದೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಕೊಟ್ಟರು. ಎದ್ದುಹೋಗುವಾಗ ಸ್ವಿಚ್ಚು ಆರಿಸುವವರಿಗೆ ತಾಲ್ಲೂಕು ಮಟ್ಟದ ಒಂದು ಶಾಲು ಕೂಡ ಇಲ್ಲ.

ಹಿಂದಿನ ಮಾದರಿ

ಈ ಸೀಮೆಯವರಿಗೆ ಕರೆಂಟಿನ ವಿಷಯದಲ್ಲಿ ಯಾರೂ ಪಾಠ ಹೇಳುವಂತಿಲ್ಲ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ತಂದದ್ದು 1902ರ ಜೂನ್‌ನಲ್ಲಿ. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಇಂದಿನ ರಾಜಧಾನಿಗಿಂತ ಮೂರು ವರ್ಷ ಮೊದಲೇ ಕೆಜಿಎಫ್ ಬೆಳಗಿತು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ದಶಕಗಳನ್ನು ದೂಡಿದವು. ಅಂದಿನ ಒಪ್ಪಂದದಲ್ಲಿ ಗಣಿ ಕಂಪನಿಗಳು ಹಣ ಕೊಡುತ್ತಿದ್ದದ್ದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಉರಿಸಿದರೂ ಅಷ್ಟೇ, ಆರಿಸಿದರೂ ಅಷ್ಟೇ. ಸಾರ್ವಜನಿಕ ಕಟ್ಟಡದಲ್ಲಿ ಕೂತವರಿಗೆ ಇಂದಿಗೂ ಆ ಒಪ್ಪಂದವೇ ಜಾರಿಯಲ್ಲಿದ್ದಂತಿದೆ.

ಆದರೆ ಗಣಿಯ ಒಳಗಿನ ಪದ್ಧತಿ ಬೇರೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಷ್ಟು ಕೆಳಗೆ ಕೆಲಸಕ್ಕಿಳಿದ ಆಳಿನ ದೀಪ ಅವನ ಟೋಪಿಯ ಮೇಲೆ, ಬ್ಯಾಟರಿ ಅವನ ಸೊಂಟದಲ್ಲಿ. ಆಳು ಎಲ್ಲಿ ತಿರುಗಿದನೋ ಬೆಳಕು ಅಲ್ಲಿ. ಆಳು ಮೇಲಕ್ಕೆ ಬಂದರೆ ಆ ಜಾಗ ಕತ್ತಲು. ಇಂದು ಜನರ ಓಡಾಟ ಗುರುತಿಸಿ ತಾನೇ ಹತ್ತಿ ತಾನೇ ಆರುವ ಸೆನ್ಸರು ಎಂದು ದುಡ್ಡು ಕೊಟ್ಟು ತರಿಸುತ್ತೇವಲ್ಲ, ಅದು ಮಾಡುವ ಕೆಲಸವೂ ಇಷ್ಟೇ. 2001ರಲ್ಲಿ ಗಣಿ ಮುಚ್ಚಿತು, ಆ ಪದ್ಧತಿಯೂ ಅದರೊಂದಿಗೆ ಹೋಯಿತು. ಸೆನ್ಸರಿಗೆ ಬಜೆಟ್ ಇಲ್ಲದ ಕಚೇರಿಗಳು ಸಿಬ್ಬಂದಿಗೆ ತಲಾ ಒಂದು ಟೋಪಿ ದೀಪ ಕೊಡುವ ಪ್ರಸ್ತಾವವನ್ನು ಪರಿಶೀಲಿಸಬಹುದು. ಕುರ್ಚಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ದೂರದಿಂದಲೇ ತಿಳಿದು ಸಾರ್ವಜನಿಕರಿಗೂ ಅನುಕೂಲ.

ಚಾಲನೆ

1. ಸ್ವಿಚ್‌ಬೋರ್ಡ್ ಹುಡುಕಿ. ಬಾಗಿಲ ಹಿಂದೆ, ಕ್ಯಾಲೆಂಡರಿನ ಕೆಳಗೆ ಇರುತ್ತದೆ.

2. ಹತ್ತು ಸ್ವಿಚ್ಚುಗಳಲ್ಲಿ ಯಾವುದು ಯಾವುದಕ್ಕೆ ಎಂದು ಜವಾನರನ್ನು ಕೇಳಿ. ಅವರು ರಜೆಯಲ್ಲಿದ್ದರೆ ಹತ್ತನ್ನೂ ಒಟ್ಟಿಗೆ ಒತ್ತಿ. ಎಲ್ಲರೂ ಮಾಡುವುದು ಇದನ್ನೇ, ಮತ್ತು ಸಮಸ್ಯೆಯ ಬೇರು ಇರುವುದೂ ಇಲ್ಲೇ.

3. ಬಿಳಿ ಪ್ಲಾಸ್ಟರು, ಒಂದು ಪೆನ್ನು ತನ್ನಿ. ಪ್ರತಿ ಸ್ವಿಚ್ಚಿನ ಕೆಳಗೆ ‘ಕಿಟಕಿ ಪಕ್ಕದ ದೀಪ’, ‘ಒಳಕೋಣೆ’, ‘ಫ್ಯಾನು’ ಎಂದು ಬರೆದು ಅಂಟಿಸಿ. ಕಿಟಕಿ ಸಾಲಿನ ದೀಪಗಳಿಗೂ ಒಳಸಾಲಿನ ದೀಪಗಳಿಗೂ ಒಂದೇ ಸ್ವಿಚ್ಚಿದ್ದರೆ ವೈರಿಂಗಿನವರನ್ನು ಕರೆಸಿ ಬೇರೆ ಮಾಡಿಸಿ.

4. ತಲೆ ಎತ್ತಿ ನೋಡಿ. ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ. ಅದರ ಪಕ್ಕದ ಹೊಸ ಎಲ್‌ಇಡಿ ಟ್ಯೂಬು 20. ಖಾಲಿ ಕುರ್ಚಿಗೆ ಗಾಳಿ ಬೀಸುತ್ತಿರುವ ಆ ಫ್ಯಾನನ್ನು ಬಿಟ್ಟು ದೀಪದ ಮೇಲೆ ಮಾತ್ರ ಸುತ್ತೋಲೆ ಹೊರಡಿಸಬೇಡಿ.

ಐದನೆಯ ಹಂತ ಸ್ವಲ್ಪ ಕಷ್ಟದ್ದು: ಕರೆಂಟು ಬಿಲ್ಲನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದು. 2023ರ ಆಗಸ್ಟ್‌ನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಮನೆಗಳಲ್ಲಿ ನಡೆಯುತ್ತಿರುವುದನ್ನು ನೋಡಿ. ಉಚಿತದ ಮಿತಿ ಯೋಜನೆಗೆ ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಒಂದಿಷ್ಟು, ಒಟ್ಟು 200 ಯೂನಿಟ್ ದಾಟುವಂತಿಲ್ಲ. ಅಜ್ಜಿಯಂದಿರು ಕೂಡ ಮೀಟರು ಓದಲು ಕಲಿತಿದ್ದಾರೆ. ಬಚ್ಚಲ ದೀಪ ಆರಿಸದ ಮೊಮ್ಮಗನಿಗೆ ಬೈಗುಳ ಖಚಿತ. ಅದೇ ಮನೆಯಿಂದ ಹೊರಟು ಬಸ್ಸು ಹತ್ತಿ ಕಚೇರಿಗೆ ಬಂದ ಮನುಷ್ಯನಿಗೆ ಇಲ್ಲಿನ ಮೀಟರು ಯಾವ ಗೋಡೆಯಲ್ಲಿದೆ ಎಂದೂ ಗೊತ್ತಿಲ್ಲ. ಅವನು ಕೆಟ್ಟವನೆಂದಲ್ಲ. ಬಿಲ್ಲು ಅವನ ಕಣ್ಣಿಗೆ ಬೀಳದೆ ಮೇಲಿನ ಕಚೇರಿಗೆ ಹೋಗುತ್ತದೆ, ಅಲ್ಲಿ ಬಾಕಿಯ ಪಟ್ಟಿಗೆ ಸೇರಿ ಬೆಳೆಯುತ್ತದೆ.

ಆರಿಸಬಾರದ ದೀಪಗಳು

ಆಸ್ಪತ್ರೆಯ ಹೆರಿಗೆ ಕೋಣೆಯದು. ಹೆಣ್ಣುಮಕ್ಕಳ ಹಾಸ್ಟೆಲಿನ ಶೌಚಾಲಯದ ದಾರಿಯದು. ರೈಲು ನಿಲ್ದಾಣದ್ದು. ಮತ್ತು ಕಾಮಸಮುದ್ರದ ಕಡೆಯ ಗಡಿ ಹಳ್ಳಿಗಳಲ್ಲಿ ಊರಂಚಿನ ಬೀದಿ ದೀಪ. ತಮಿಳುನಾಡಿನ ಕಾಡಿನಿಂದ ಆನೆ ಹಿಂಡು ರಾಗಿ, ಟೊಮೆಟೊ ಹೊಲಗಳಿಗೆ ಇಳಿಯುವ ಸೀಮೆಯಿದು. ಅಲ್ಲಿ ನಿಂತು ಇಂಧನ ಉಳಿತಾಯದ ಭಾಷಣ ಮಾಡುವವರು ಒಂದು ರಾತ್ರಿ ಕಾವಲಿಗೆ ಕೂತು ಆಮೇಲೆ ಮಾಡಲಿ.

ಆದರೆ ಅದೇ ದೀಪ ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಿದ್ದರೆ ಅದಕ್ಕೆ ಆನೆ ಕಾರಣವಲ್ಲ. ಹಲವು ಊರುಗಳಲ್ಲಿ ಬೀದಿ ದೀಪಕ್ಕೆ ಬೇರೆ ತಂತಿಯಾಗಲಿ ಸ್ವಿಚ್ಚಾಗಲಿ ಇರುವುದಿಲ್ಲ. ಮುಖ್ಯ ತಂತಿಗೇ ಕೊಟ್ಟಿರುತ್ತಾರೆ. ಆರಿಸಬೇಕೆಂದರೆ ನೀರಗಂಟಿ ಕಂಬ ಹತ್ತಬೇಕು. ಇಂಥಲ್ಲಿ ದೀಪ ಬದಲಿಸುವ ಮೊದಲು ಒಂದು ಟೈಮರು, ಒಂದು ಪ್ರತ್ಯೇಕ ತಂತಿ ಕೇಳಿ.

ದೋಷ ಪತ್ತೆ

ದೀಪ ಆರಿಸಿದ ಮೇಲೂ ಮಂಕಾಗಿ ಹೊಳೆಯುತ್ತಿದೆ: ದೆವ್ವವಲ್ಲ. ಫೇಸ್ ತಂತಿಗೆ ಹಾಕಬೇಕಾದ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿರುವ ಸಾಧ್ಯತೆ ಹೆಚ್ಚು. ಸ್ವಿಚ್ಚು ಆರಿದ್ದರೂ ಹೋಲ್ಡರಿನಲ್ಲಿ ಕರೆಂಟಿರುತ್ತದೆ, ಮುಟ್ಟಬೇಡಿ, ಸರಿಮಾಡಿಸಿ.

ವರ್ಷಗಟ್ಟಲೆ ಬಾಳಬೇಕಿದ್ದ ದೀಪ ಆರು ತಿಂಗಳಿಗೆ ಹೋಯಿತು: ಹೋದದ್ದು ಹೆಚ್ಚಾಗಿ ಎಲ್‌ಇಡಿ ಅಲ್ಲ, ಅದರ ಹಿಂದಿನ ಡ್ರೈವರು. ಏರಿಳಿಯುವ ವೋಲ್ಟೇಜು, ಗಾಳಿಯಾಡದ ಮುಚ್ಚಳ ಅದರ ಶತ್ರುಗಳು. ಕಡಿಮೆ ದರ ಕೂಗಿದವರ ಮಾಲು ಮೂರನೆಯ ಶತ್ರು.

ಹಳೆಯ ಸಿಎಫ್‌ಎಲ್ ಒಡೆಯಿತು: ಪೊರಕೆಯಲ್ಲಿ ಗುಡಿಸಬೇಡಿ, ಒಳಗೆ ಪಾದರಸವಿದೆ. ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಿ. (ಬೀರು ಸರಿಸಿರದಿದ್ದರೆ ಬರೀ ಹೊರಗಿರಿ.)

ಬೀದಿಯ ದೀಪವೇ ಹತ್ತುತ್ತಿಲ್ಲ: ಕಂಬ ಬೆಸ್ಕಾಂನದು, ದೀಪ ಪಂಚಾಯಿತಿಯದು. ಯಾರಿಗೆ ಹೇಳಬೇಕೆಂದು ತೋಚದಿದ್ದರೆ ಪಂಚಾಯಿತಿಗೂ ಹೇಳಿ, ಬೆಸ್ಕಾಂನ 1912ಕ್ಕೂ ಕರೆ ಮಾಡಿ. ಕಂಬದ ಮೇಲಿನ ಸಂಖ್ಯೆ ಕೇಳುತ್ತಾರೆ. ಓದುವುದಕ್ಕೆ ಟಾರ್ಚು ಬೇಕು. ಟಾರ್ಚು ಈ ಪೆಟ್ಟಿಗೆಯಲ್ಲಿ ಬರುವುದಿಲ್ಲ.