ಮಧ್ಯಮ ಮಾರ್ಗ

(ಬೆಂಗಳೂರಿನ ಒಂದು ವಾರ್ಡು. ಹಾರ ಹಾಕಿಸಿಕೊಂಡು ನಿಂತ, ಕಸ ಒತ್ತಿ ಸಾಗಿಸುವ ಹೊಸ ಕಾಂಪ್ಯಾಕ್ಟರ್. ನಾಲ್ಕೂ ಚಕ್ರದಡಿ ನಿಂಬೆಹಣ್ಣು.)

ಎಂಜಿನಿಯರ್: ನೋಡು ರಂಗಣ್ಣ, ಆಟೋ ಟಿಪ್ಪರ್ ನಾಲ್ಕು ಬೀದಿ ಸುತ್ತೋಷ್ಟರಲ್ಲಿ ತುಂಬಿಹೋಗುತ್ತೆ. ದೊಡ್ಡ ಲಾರಿ ಗಲ್ಲಿಗೆ ನುಗ್ಗಲ್ಲ. ಅದಕ್ಕೇ ಈ ಮಧ್ಯಮ ಗಾತ್ರದ್ದು!

ಡ್ರೈವರ್: ಇದೂ ನುಗ್ಗಲ್ಲ ಸಾರ್.

ಎಂಜಿನಿಯರ್: ರಸ್ತೆ ಅಳತೆ ಮಾಡಿಸಿಯೇ ತರಿಸಿದ್ದು ಕಣಯ್ಯ.

ಡ್ರೈವರ್: ರಸ್ತೆ ಅಳೆಸಿದ್ರಿ, ಎರಡೂ ಕಡೆ ನಿಂತಿರೋ ಕಾರು ಅಳೆಸಲಿಲ್ಲ.

ಎಂಜಿನಿಯರ್: ಅದಿರಲಿ, ಒತ್ತೋ ಶಕ್ತಿ ನೋಡು!

ಡ್ರೈವರ್: ಮನೆಯೋರು ಹಸಿಕಸ ಹಸಿರು ಬುಟ್ಟೀಲಿ, ಒಣಕಸ ಚೀಲದಲ್ಲಿ ಕೊಡ್ತಾರೆ. ಇದರೊಳಗೆ ಬಿದ್ರೆ ಎರಡೂ ಸೇರಿ ಚಿತ್ರಾನ್ನ.

ಎಂಜಿನಿಯರ್: ಘನತ್ಯಾಜ್ಯ ನಿಯಮದ ಪ್ರಕಾರ ಮನೆಯಲ್ಲೇ ಬೇರ್ಪಡಿಸಬೇಕು. ಬೇರ್ಪಡಿಸಿದ್ರಲ್ಲ? ನಿಯಮ ಪಾಲನೆ ಆಯ್ತು.

ಡ್ರೈವರ್: ಒತ್ತಿದಾಗ ಕೊಳಕು ನೀರು ಸುರಿಯುತ್ತೆ. ತಿರುವಿನಲ್ಲಿ ಬೈಕಿನೋರು ಜಾರ್ತಾರೆ.

ಎಂಜಿನಿಯರ್: ಅಡೀಲಿ ಟ್ಯಾಂಕ್ ಇದೆಯಲ್ಲೋ!

ಡ್ರೈವರ್: ಇದೆ. ಅದನ್ನ ಖಾಲಿ ಮಾಡೋಕೆ ಜಾಗ ಇಲ್ಲ. ಹಳೇ ಗಾಡೀಲಿ ವಾಲ್ವ್ ಸಡಿಲ ಬಿಟ್ಟು ರಸ್ತೇಲೇ ಖಾಲಿ ಮಾಡ್ತಿದ್ವಿ.

ಎಂಜಿನಿಯರ್: ಸರಿ, ಲೋಡು ಊರಾಚೆ ಸುರಿದು ಬಾ.

ಡ್ರೈವರ್: ಯಾರ ಊರಾಚೆ ಸಾರ್? ನಮ್ಮ ಊರಾಚೆ ಅಂದ್ರೆ ಅವರ ಊರು. ಮಾವಳ್ಳಿಪುರದ ಕಸದ ಗುಂಡಿ 2012ರಲ್ಲೇ ಮುಚ್ಚಿತು. 2014ರಲ್ಲಿ ಮಂಡೂರಿನೋರು ನಿಮ್ಮ ಕಸ ಬೇಡ ಅಂತ ಬೀದಿಗಿಳಿದ್ರು.

ಎಂಜಿನಿಯರ್: ಜಾಗದ ಫೈಲು ಬೇರೆ ವಿಭಾಗದ್ದಪ್ಪ. ನಮ್ಮದು ವಾಹನ. ಬೇಕಾದ್ರೆ ಮುಂದಿನ ಟೆಂಡರ್‌ನಲ್ಲಿ ಜಿಪಿಎಸ್ ಹಾಕಿಸ್ತೀನಿ.

ಡ್ರೈವರ್: ಹಾಕ್ಸಿ ಸಾರ್. ಕಸ ಎಲ್ಲಿಗೂ ಹೋಗಿಲ್ಲ ಅನ್ನೋದನ್ನ ಆಫೀಸಲ್ಲೇ ಕೂತು ನೋಡ್ಬಹುದು.